ಮಾರ್ಚ್ ತ್ರೈಮಾಸಿಕದ ಬ್ಯಾಸ್ ಸಲ್ಲಿಸುವ ಮೊದಲು ಸಂಬಳದ ತೆರಿಗೆ ಕಡಿತದ ತಪ್ಪುಗಳನ್ನು ಸರಿಪಡಿಸುವುದು ಹೇಗೆ?

ಟಿಫಿನ್ ಅಂಗಡಿಯ ಮಾಲೀಕರು, ಪಾಯಿಂಟ್ ಕುಕ್ (5 ಏಪ್ರಿಲ್ 2025)

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ ನಾನು ಒಂದು ಚಿಕ್ಕ ಟಿಫಿನ್ ಅಂಗಡಿಯನ್ನು ಕಂಪನಿಯ ಹೆಸರಿನಲ್ಲಿ ನಡೆಸುತ್ತಿದ್ದೇನೆ. ನನ್ನನ್ನೂ ಸೇರಿಸಿ ಐದು ಜನರಿಗೆ ಪ್ರತಿ ಬುಧವಾರ ಸಂಬಳದ ಬಟವಾಡೆಯಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಬ್ಯಾಸ್ ಅನ್ನು, ಅಂದರೆ ವ್ಯವಹಾರದ ತೆರಿಗೆ ಲೆಕ್ಕದ ಪಟ್ಟಿಯನ್ನು, ಆಸ್ಟ್ರೇಲಿಯಾದ ತೆರಿಗೆ ಕಚೇರಿಯಾದ ಎಟಿಒಗೆ ಇದೇ ತಿಂಗಳ 28ರೊಳಗೆ ಸಲ್ಲಿಸಬೇಕಾಗಿದೆ. ಲೆಕ್ಕ ತಾಳೆ ನೋಡುವಾಗ ಮೂರು ತೊಡಕುಗಳು ಕಂಡವು. ತಪ್ಪು ನನ್ನದೇ ಆದ್ದರಿಂದ ಸರಿಯಾದ ದಾರಿಯನ್ನು ತಿಳಿದುಕೊಂಡೇ ಮುಂದುವರಿಯಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು, ಜನವರಿ 15ರ ಬಟವಾಡೆಯಿಂದ ನಮ್ಮಲ್ಲಿ ಕೆಲಸಕ್ಕಿರುವ ವಿದ್ಯಾರ್ಥಿಯೊಬ್ಬನ ವಿಷಯ. ಅವನದು ವಿದ್ಯಾರ್ಥಿ ವೀಸಾ ಆದ್ದರಿಂದ ಪೇರೋಲ್ ತಂತ್ರಾಂಶದಲ್ಲಿ ನಾನು ಅವನನ್ನು "ವಿದೇಶಿ ನಿವಾಸಿ" ಎಂದು ನಮೂದಿಸಿಬಿಟ್ಟೆ. ವಾರಕ್ಕೆ 600 ಡಾಲರ್ ಸಂಬಳದಲ್ಲಿ 180 ಡಾಲರ್ ತೆರಿಗೆಯೆಂದು ಮುರಿದುಕೊಳ್ಳುತ್ತಾ ಹೋದೆ. ಹತ್ತು ವಾರ ಕಳೆದ ಮೇಲೆ ಅವನೇ ಬಂದು, ತನ್ನ ಸ್ನೇಹಿತನಿಗೆ ಇಷ್ಟೇ ಸಂಬಳದಲ್ಲಿ 48 ಡಾಲರ್ ಮಾತ್ರ ಕಡಿತವಾಗುತ್ತಿದೆ ಎಂದು ಬಹಳ ಸಂಕೋಚದಿಂದ ಹೇಳಿದ. ವಾರಕ್ಕೆ 132ರಂತೆ ಒಟ್ಟು 1,320 ಡಾಲರನ್ನು ಮಾರ್ಚ್ 26ರಂದು ಅವನ ಖಾತೆಗೆ ಬ್ಯಾಂಕಿನಿಂದ ನೇರವಾಗಿ ಹಿಂತಿರುಗಿಸಿದೆ. ಆ ವಾರದ ಸಂಬಳದಲ್ಲಿ 48 ಡಾಲರನ್ನೇ ಮುರಿದುಕೊಂಡೆ. ನಂತರ ಸಂಬಳದ ವಿವರಗಳನ್ನು ಎಟಿಒಗೆ ಕಳುಹಿಸುವ ವ್ಯವಸ್ಥೆಯಾದ ಸಿಂಗಲ್ ಟಚ್ ಪೇರೋಲ್ ಮೂಲಕ ಒಂದು ತಿದ್ದುಪಡಿ ವರದಿಯನ್ನು, ಅಂದರೆ ಅಪ್‌ಡೇಟ್ ಇವೆಂಟ್ ಅನ್ನು, ಕಳುಹಿಸಿದೆ.

ಎರಡನೆಯದು ನಮ್ಮ ಅಡುಗೆಯವರದು. ಅವರ ಸಂಬಳವನ್ನು ಫೆಬ್ರುವರಿ 12ರಿಂದ ವಾರಕ್ಕೆ 1,000 ಡಾಲರ್‌ನಿಂದ 1,200ಕ್ಕೆ ಏರಿಸಿದ್ದೆ. ಹಿಂದೆಂದೋ ಕೈಯಿಂದ ತುಂಬಿದ್ದ 143 ಡಾಲರ್ ತೆರಿಗೆ ಹಾಗೆಯೇ ಉಳಿದುಕೊಂಡಿತ್ತು. ಹೊಸ ಸಂಬಳಕ್ಕೆ 208 ಕಡಿತವಾಗಬೇಕಿತ್ತು. ಆರು ವಾರಗಳಲ್ಲಿ 390 ಡಾಲರ್ ಕಡಿಮೆಯಾಗಿದೆ.

ಮೂರನೆಯದಾಗಿ, ಮಾರ್ಚ್ 30ಕ್ಕೆ ಮುಗಿದ ವಾರದ ಸಂಬಳವನ್ನು ಏಪ್ರಿಲ್ 2ರಂದು ಕೊಟ್ಟಿದ್ದೇನೆ. ಅದು ಯಾವ ತ್ರೈಮಾಸಿಕಕ್ಕೆ ಸೇರುತ್ತದೆ?

ಎಟಿಒ ಮೊದಲೇ ತುಂಬಿಟ್ಟಿರುವ ಬ್ಯಾಸ್‌ನಲ್ಲಿ ಸಂಬಳದಿಂದ ಮುರಿದ ತೆರಿಗೆಯ ಡಬ್ಲ್ಯು2 ಅಂಕಣ 7,014 ಎಂದು ತೋರಿಸುತ್ತಿದೆ. ನನ್ನ ಪೇರೋಲ್ ವರದಿ 5,694 ಎನ್ನುತ್ತಿದೆ. ನಾನು ಯಾವುದನ್ನು ನಂಬಬೇಕು?

ದಿನಸಿ ವ್ಯಾಪಾರಿ, ಸಿಡ್ನಿ

ಮೇಡಂ, ನನ್ನ ಅನುಭವದಲ್ಲಿ ಎಟಿಒ ತುಂಬಿಟ್ಟ ಅಂಕಿಯನ್ನು ಮುಟ್ಟದಿರುವುದೇ ಕ್ಷೇಮ. ಆ 1,320 ಮುಂದೆ ಎಲ್ಲಾದರೂ ಸರಿಹೋಗುತ್ತದೆ. ಅಡುಗೆಯವರ 390 ಡಾಲರನ್ನು ನಿಮ್ಮ ಕೈಯಿಂದಲೇ ಡಬ್ಲ್ಯು2ಗೆ ಸೇರಿಸಿ ಕಟ್ಟಿಬಿಡಿ, ಮನಸ್ಸಿಗೂ ನೆಮ್ಮದಿ. ಇಲ್ಲವಾದರೆ ಎಲ್ಲವೂ ಸರಿಹೋಗುವವರೆಗೆ ಬ್ಯಾಸ್ ಸಲ್ಲಿಸುವುದನ್ನೇ ಒಂದೆರಡು ತಿಂಗಳು ಮುಂದೂಡಬಹುದು.

ನೋಂದಾಯಿತ ಬ್ಯಾಸ್ ಏಜೆಂಟ್, ಮೆಲ್ಬರ್ನ್

ಸಿಡ್ನಿಯ ಮಿತ್ರರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅವರ ಮೂರು ಸಲಹೆಗಳನ್ನೂ ನಾನು ಒಪ್ಪಲಾರೆ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಪ್ರತಿ ತ್ರೈಮಾಸಿಕದಲ್ಲೂ ಇದೇ ಮೂರು ತಪ್ಪುಗಳು ನನ್ನ ಮೇಜಿಗೆ ಬರುತ್ತವೆ.

ಡಬ್ಲ್ಯು1 ಎಂದರೆ ಆ ಅವಧಿಯಲ್ಲಿ ಕೊಟ್ಟ ಒಟ್ಟು ಸಂಬಳ. ಡಬ್ಲ್ಯು2 ಎಂದರೆ ಆ ಸಂಬಳದಿಂದ ನಿಜವಾಗಿ ಮುರಿದುಕೊಂಡ ತೆರಿಗೆ. "ಮುರಿದುಕೊಳ್ಳಬೇಕಾಗಿದ್ದ" ತೆರಿಗೆಗೆ ಬ್ಯಾಸ್‌ನಲ್ಲಿ ಯಾವ ಅಂಕಣವೂ ಇಲ್ಲ. ಆದ್ದರಿಂದ ತಪ್ಪನ್ನು ಬ್ಯಾಸ್‌ನಲ್ಲಿ ಸರಿಪಡಿಸಲು ಹೊರಡಬಾರದು. ಮೊದಲು ನೌಕರನ ಕೈಗೆ ಸೇರಬೇಕಾದ ಹಣ ಸರಿಯಾಗಬೇಕು, ಆಮೇಲೆ ಪೇರೋಲ್ ದಾಖಲೆ, ಆಮೇಲೆ ಎಟಿಒಗೆ ಹೋಗುವ ಸಿಂಗಲ್ ಟಚ್ ವರದಿ. ಈ ಮೂರೂ ಒಂದೇ ಮಾತನ್ನು ಹೇಳತೊಡಗಿದ ಮೇಲೆ ಬ್ಯಾಸ್ ತಾನಾಗಿಯೇ ಸರಿಹೋಗುತ್ತದೆ.

ವಿದ್ಯಾರ್ಥಿಯ ವಿಷಯದಲ್ಲಿ ನಾನು ಮೊದಲು ಕೇಳುವುದು ಒಂದೇ: ಅವನು ತುಂಬಿಕೊಟ್ಟ ತೆರಿಗೆ ಸಂಖ್ಯೆಯ, ಅಂದರೆ ಟಿಎಫ್‌ಎನ್ ಘೋಷಣೆಯಲ್ಲಿ ಏನಿದೆ? ತೆರಿಗೆಯ ಮಟ್ಟಿಗೆ ತಾನು ಆಸ್ಟ್ರೇಲಿಯಾದ ನಿವಾಸಿಯೇ, ವಿದೇಶಿ ನಿವಾಸಿಯೇ ಅಥವಾ ವರ್ಕಿಂಗ್ ಹಾಲಿಡೇ ವೀಸಾದವನೇ ಎಂಬ ಪ್ರಶ್ನೆ ಅದರಲ್ಲಿದೆ. ಅವನು ನಿವಾಸಿ ಎಂದು ಗುರುತು ಹಾಕಿದ್ದು, ನೀವು ತಪ್ಪಾಗಿ ನಮೂದಿಸಿದ್ದರೆ ಅದು ತಪ್ಪಿನಿಂದ ಮುರಿದುಕೊಂಡ ಹಣ. ಅದನ್ನು ಅದೇ ಆರ್ಥಿಕ ವರ್ಷದೊಳಗೆ, ಅಂದರೆ ಜೂನ್ 30ರೊಳಗೆ, ನೀವು ಗಮನಿಸಿದರೆ ಅಥವಾ ಅವನು ಕೇಳಿದರೆ ಹಿಂತಿರುಗಿಸಲೇಬೇಕು. ಅವನೇ ವಿದೇಶಿ ನಿವಾಸಿ ಎಂದು ಬರೆದಿದ್ದರೆ ಕಥೆ ಬೇರೆ, ಆಗ ನೀವು ಘೋಷಣೆಯಂತೆ ನಡೆದುಕೊಂಡಿದ್ದೀರಿ ಎಂದಾಗುತ್ತದೆ.

ವೀಸಾಕ್ಕೂ ತೆರಿಗೆಯ ನಿವಾಸಕ್ಕೂ ಗಂಟು ಹಾಕುವುದು ನಮ್ಮ ಜನರಲ್ಲಿ ಬಹಳ ಸಾಮಾನ್ಯವಾದ ತಪ್ಪು. ಆರು ತಿಂಗಳು ಅಥವಾ ಅದಕ್ಕಿಂತ ದೀರ್ಘ ಕೋರ್ಸಿಗೆ ಸೇರಿ ಇಲ್ಲಿಯೇ ಓದುತ್ತಿರುವ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ನಿವಾಸಿಯೆಂದೇ ಪರಿಗಣಿಸಲಾಗುತ್ತದೆ. ನಿವಾಸಿಗೆ ಮೊದಲ 18,200 ಡಾಲರ್ ತೆರಿಗೆಮುಕ್ತ. ವಿದೇಶಿ ನಿವಾಸಿಗೆ ಮೊದಲ ಡಾಲರಿನಿಂದಲೇ 30 ಪ್ರತಿಶತ. ನೀವು ಕೊಟ್ಟ 48 ಮತ್ತು 180ರ ನಡುವಿನ ಅಂತರ ಹುಟ್ಟಿದ್ದು ಇಲ್ಲಿಂದ. ಬಾಡಿಗೆ ಕಟ್ಟಿ ಓದುವ ಹುಡುಗನಿಗೆ ವಾರಕ್ಕೆ 132 ಡಾಲರ್ ಸಣ್ಣ ಮೊತ್ತವಲ್ಲ. ಅವನು ಹೇಳಿದ ವಾರದಲ್ಲೇ ನೀವು ಹಣ ಹಿಂತಿರುಗಿಸಿದ್ದು ಅತ್ಯಂತ ಸರಿಯಾದ ಕೆಲಸ.

ಈಗ 7,014 ಮತ್ತು 5,694. ವ್ಯತ್ಯಾಸ ಸರಿಯಾಗಿ 1,320. ನೀವು ಪ್ರತಿ ಬುಧವಾರ ಕಳುಹಿಸುವ ಬಟವಾಡೆ ವರದಿಯಲ್ಲಿ, ಅಂದರೆ ಪೇ ಇವೆಂಟ್‌ನಲ್ಲಿ ನೌಕರರ ವಿವರದ ಜೊತೆಗೆ ಆ ಬಟವಾಡೆಯ ಡಬ್ಲ್ಯು1 ಮತ್ತು ಡಬ್ಲ್ಯು2 ಮೊತ್ತಗಳೂ ಹೋಗುತ್ತವೆ, ಎಟಿಒ ಅವನ್ನೇ ಕೂಡಿಸಿ ಬ್ಯಾಸ್‌ನಲ್ಲಿ ತುಂಬುತ್ತದೆ. ಅಪ್‌ಡೇಟ್ ಇವೆಂಟ್‌ನಲ್ಲಿ ಹೋಗುವುದು ನೌಕರನ ವರ್ಷಾರಂಭದಿಂದ ಈವರೆಗಿನ ಮೊತ್ತ ಮಾತ್ರ. ಮಾಲೀಕರ ಕಡೆಯ ಈ ಎರಡು ಮೊತ್ತಗಳು ಅದರಲ್ಲಿ ಇರುವುದಿಲ್ಲ. ಹಾಗಾಗಿ ವಿದ್ಯಾರ್ಥಿಯ ಖಾತೆಯಲ್ಲಿ ತಿದ್ದುಪಡಿ ಬಂದಿದೆ, ಬ್ಯಾಸ್‌ನಲ್ಲಿ ಬಂದಿಲ್ಲ. ಹಣವನ್ನು ಅದೇ ತ್ರೈಮಾಸಿಕದೊಳಗೆ ಹಿಂತಿರುಗಿಸಿರುವುದರಿಂದ ಡಬ್ಲ್ಯು2ನಲ್ಲಿ ನೀವೇ 5,694 ಎಂದು ತಿದ್ದಿ ಸಲ್ಲಿಸಬೇಕು. ತುಂಬಿಟ್ಟ ಅಂಕಿಯನ್ನು ಪರಿಶೀಲಿಸಿ ತಿದ್ದುವ ಜವಾಬ್ದಾರಿ ಸಲ್ಲಿಸುವವರದೇ. ಮುಟ್ಟದೆ ಬಿಟ್ಟರೆ ನೀವು ಮುರಿದುಕೊಂಡಿರದ 1,320 ಡಾಲರನ್ನು ಕಟ್ಟಿದಂತಾಗುತ್ತದೆ, ಅದು ತಾನಾಗಿ ವಾಪಸು ಬರುವುದಿಲ್ಲ.

ಟಿಫಿನ್ ಅಂಗಡಿಯ ಮಾಲೀಕರು, ಪಾಯಿಂಟ್ ಕುಕ್

ಸರ್, ಈಗಷ್ಟೇ ಅವನ ಘೋಷಣೆಯ ಕಾಗದವನ್ನು ತೆಗೆದು ನೋಡಿದೆ. ನೀಲಿ ಶಾಯಿಯಲ್ಲಿ ನಿವಾಸಿ ಎಂಬುದಕ್ಕೇ ಗುರುತು ಹಾಕಿದ್ದಾನೆ, ತೆರಿಗೆಮುಕ್ತ ಮಿತಿ ಬೇಕು ಎಂಬುದಕ್ಕೂ ಹಾಕಿದ್ದಾನೆ. ಕಾಗದವನ್ನು ಓದದೆ, ವೀಸಾ ಒಂದನ್ನೇ ನೋಡಿ ನಾನು ನಮೂದಿಸಿದ್ದೆ.

ಇನ್ನೊಂದು ವಿಷಯವನ್ನೂ ಕೇಳಬೇಕು. ಮೊದಲು ನಾನು ಆ 1,320ನ್ನು ಪೇರೋಲ್‌ನಲ್ಲಿ ಭತ್ಯೆಯ ಸಾಲಿನಲ್ಲಿ ಹಾಕಿ ಕೊಡಲು ಹೊರಟಿದ್ದೆ. ಪರದೆಯ ಮೇಲೆ ಸೂಪರ್ (ಮಾಲೀಕರು ನೌಕರರಿಗಾಗಿ ಕಟ್ಟುವ ನಿವೃತ್ತಿ ನಿಧಿ) ಮೊತ್ತವೂ ಏರಿದ್ದನ್ನು ಕಂಡು ಹೆದರಿ ಅಳಿಸಿದೆ. ಅದು ಸರಿಯೇ?

ನೋಂದಾಯಿತ ಬ್ಯಾಸ್ ಏಜೆಂಟ್, ಮೆಲ್ಬರ್ನ್

ಖಂಡಿತವಾಗಿಯೂ ಸರಿ. ಹಿಂತಿರುಗಿಸಿದ ತೆರಿಗೆ ಹೊಸ ಸಂಬಳವಲ್ಲ. ಅದು ಅವನು ಆಗಲೇ ದುಡಿದಿದ್ದ ಹಣ. ಭತ್ಯೆಯೆಂದು ಹಾಕಿದ್ದರೆ ಡಬ್ಲ್ಯು1 ಸುಮ್ಮನೆ 1,320 ಹೆಚ್ಚಾಗಿ, ಅದರ ಮೇಲೆ ಮತ್ತೆ ತೆರಿಗೆ ಬಿದ್ದು, 2024-25ರ ಆರ್ಥಿಕ ವರ್ಷದಲ್ಲಿದ್ದ 11.5 ಪ್ರತಿಶತದ ದರದಲ್ಲಿ 151 ಡಾಲರ್ 80 ಸೆಂಟ್ ಸೂಪರ್ ಕೂಡ ಲೆಕ್ಕಕ್ಕೆ ಬರುತ್ತಿತ್ತು. ಕಡಿತದ ಸಾಲಿನಲ್ಲಿ ತೆರಿಗೆಯನ್ನು ಇಳಿಸುವುದೊಂದೇ ಮಾರ್ಗ. ಒಟ್ಟು ಸಂಬಳ ಒಂದು ಸೆಂಟ್ ಕೂಡ ಅಲುಗಾಡಬಾರದು.

ನಿಮ್ಮ ಖಾತೆ ಪುಸ್ತಕದಲ್ಲಿ "ಸಂಬಳದ ತೆರಿಗೆ ಬಾಕಿ" ಎಂಬ ಲೆಕ್ಕವನ್ನೂ ತೆರೆದು ನೋಡಿ. ಬ್ಯಾಂಕಿನಿಂದ ನೇರವಾಗಿ ಕೊಟ್ಟ 1,320 ಎಷ್ಟೋ ಸಲ ಸಂಬಳದ ಖರ್ಚಿಗೆ ಹೋಗಿ ಕೂತಿರುತ್ತದೆ. ಅದು ಈ ಬಾಕಿ ಲೆಕ್ಕದಲ್ಲಿ ಕಳೆಯಬೇಕು. ಹಿಂದಿನ ತ್ರೈಮಾಸಿಕದ ಬಾಕಿಯನ್ನು ಪೂರ್ತಿಯಾಗಿ ಕಟ್ಟಿದ್ದರೆ ಮಾರ್ಚ್ 31ರಂದು ಅಲ್ಲಿ ಉಳಿಯಬೇಕಾದದ್ದು 5,694. ಹಾಗೆಯೇ, ಪೇರೋಲ್‌ನಲ್ಲಿ ಅವನ ತೆರಿಗೆ ಸಂಕೇತ "ಎಫ್‌ಎಫ್" ಎಂದು ಆರಂಭವಾಗುತ್ತಿದ್ದರೆ ಅದು ಇನ್ನೂ ವಿದೇಶಿ ನಿವಾಸಿಯದು. ತೆರಿಗೆಮುಕ್ತ ಮಿತಿ ಕೇಳಿದ ನಿವಾಸಿಯ ಸಂಕೇತ "ಆರ್‌ಟಿ" ಎಂದು ಆರಂಭವಾಗುತ್ತದೆ. ಮೊತ್ತವನ್ನು ತಿದ್ದಿ ಸಂಕೇತವನ್ನು ಮರೆತವರನ್ನು ನಾನು ಬಹಳ ಮಂದಿ ಕಂಡಿದ್ದೇನೆ, ಮುಂದಿನ ಬುಧವಾರ ಅದೇ ತಪ್ಪು ಮತ್ತೆ ಬರುತ್ತದೆ.

ಇನ್ನು ಅಡುಗೆಯವರ 390. ಅದನ್ನು ಡಬ್ಲ್ಯು2ಗೆ ಸೇರಿಸಬೇಡಿ. ಆ ಹಣ ಅವರ ಸಂಬಳದಿಂದ ಮುರಿದಿಲ್ಲ. ನೀವು ಸೇರಿಸಿ ಕಟ್ಟಿದರೂ ಸಿಂಗಲ್ ಟಚ್ ವರದಿಯಲ್ಲಿ ಅವರ ಹೆಸರಿನಲ್ಲಿ ಅದು ಜಮಾ ಆಗುವುದಿಲ್ಲ, ವರ್ಷಾಂತ್ಯದಲ್ಲಿ ಅವರು ತಮ್ಮ ತೆರಿಗೆಯನ್ನು ಪೂರ್ತಿಯಾಗಿ ಕಟ್ಟಲೇಬೇಕಾಗುತ್ತದೆ. ನಿಮ್ಮ ಹಣ ಹೋಯಿತು, ಅವರ ಸಾಲ ತೀರಲಿಲ್ಲ. ಮುರಿದುಕೊಂಡದ್ದು ಎಷ್ಟೋ ಅಷ್ಟನ್ನೇ ತೋರಿಸಿ, ಇನ್ನು ಮುಂದೆ 208 ಸರಿಯಾಗಿ ಕಡಿತವಾಗುವಂತೆ ನೋಡಿಕೊಳ್ಳಿ. ತಪ್ಪು ಯಾವಾಗ ಕಂಡಿತು, ಹೇಗೆ ಆಯಿತು, ಏನು ಮಾಡಿದಿರಿ ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಸಾಕಷ್ಟು ತೆರಿಗೆ ಮುರಿಯದಿದ್ದುದಕ್ಕೆ ಕಾನೂನಿನಲ್ಲಿ ದಂಡಕ್ಕೆ ಅವಕಾಶವಿದೆ. ತಾನಾಗಿಯೇ ಕಂಡುಹಿಡಿದು ಸರಿಪಡಿಸಿದವರನ್ನು ನೋಡುವ ದೃಷ್ಟಿ ಬೇರೆ ಇರುತ್ತದೆ.

ಕ್ಲೀನಿಂಗ್ ಗುತ್ತಿಗೆದಾರರು, ಅಡಿಲೇಡ್

ಮುಂದಿನ ಸಂಬಳದಲ್ಲಿ 390ನ್ನು ಒಮ್ಮೆಗೇ ಹಿಡಿದುಕೊಂಡರೆ ಮುಗಿಯುವುದಿಲ್ಲವೇ? ನಾನು ಹಿಂದೊಮ್ಮೆ ಹಾಗೆಯೇ ಮಾಡಿದ್ದೆ.

ನೋಂದಾಯಿತ ಬ್ಯಾಸ್ ಏಜೆಂಟ್, ಮೆಲ್ಬರ್ನ್

ಒಮ್ಮೆ ಮಾಡಿ ಪಾರಾಗಿರಬಹುದು ಸರ್, ಆದರೆ ದಯವಿಟ್ಟು ಮತ್ತೆ ಮಾಡಬೇಡಿ. ಇಲ್ಲಿನ ಕಾರ್ಮಿಕ ಕಾನೂನಾದ ಫೇರ್ ವರ್ಕ್ ಕಾಯ್ದೆಯ 324ನೆಯ ವಿಧಿಯ ಪ್ರಕಾರ, ಕಾನೂನೇ ಅನುಮತಿಸಿದ ಕಡಿತಗಳ ಹೊರತಾಗಿ ಬೇರೆ ಯಾವುದನ್ನಾದರೂ ಸಂಬಳದಿಂದ ಹಿಡಿಯಲು ನೌಕರರ ಲಿಖಿತ ಒಪ್ಪಿಗೆ ಬೇಕು ಮತ್ತು ಆ ಕಡಿತ ಮುಖ್ಯವಾಗಿ ನೌಕರರ ಹಿತಕ್ಕಾಗಿಯೇ ಇರಬೇಕು. ವಾರಕ್ಕೆ 1,200 ದುಡಿದು, 208 ತೆರಿಗೆ ಹೋಗಿ, ಅದರಲ್ಲಿ ಮತ್ತೆ 390 ಕಳೆದರೆ ಅವರ ಮನೆಗೆ ಹೋಗುವುದು 602 ಡಾಲರ್. ಆ ತಿಂಗಳ ಬಾಡಿಗೆ ಕಟ್ಟುವವರು ಅವರೇ ಹೊರತು ನಾವಲ್ಲ. ತಪ್ಪು ನಮ್ಮದು, ಅದರ ಭಾರವನ್ನು ಒಂದೇ ವಾರದಲ್ಲಿ ಅವರ ತಲೆಗೆ ಹೊರಿಸುವುದು ನ್ಯಾಯವಲ್ಲ.

ಇದಕ್ಕೆ ಸರಿಯಾದ ದಾರಿಯಿದೆ. ಹೆಚ್ಚುವರಿ ತೆರಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳಲು ನೌಕರರು ಮತ್ತು ಮಾಲೀಕರು ಲಿಖಿತವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಹಾಗೆ ಮುರಿದ ಹಣ ಸಿಂಗಲ್ ಟಚ್ ವರದಿಯಲ್ಲಿ ಅವರ ಹೆಸರಿಗೇ ಜಮಾ ಆಗುತ್ತದೆ ಮತ್ತು ಆಯಾ ತ್ರೈಮಾಸಿಕದ ಡಬ್ಲ್ಯು2ಗೆ ಸೇರುತ್ತದೆ. ಅವರಿಗೆ ಬೇಡವೆನಿಸಿದರೆ ಬಲವಂತವಿಲ್ಲ, ವರ್ಷದ ರಿಟರ್ನ್ ಸಲ್ಲಿಸುವಾಗ ಅವರೇ ಕಟ್ಟುತ್ತಾರೆ. ಎರಡನ್ನೂ ಅವರಿಗೆ ವಿವರಿಸಿ ಹೇಳಿ, ತೀರ್ಮಾನವನ್ನು ಅವರಿಗೇ ಬಿಡಿ.

ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಸಂಬಳ ಯಾವ ದಿನ ಕೈಗೆ ಸೇರಿತೋ ಆ ದಿನವೇ ಲೆಕ್ಕ. ಏಪ್ರಿಲ್ 2ರ ಬಟವಾಡೆ ಜೂನ್ ತ್ರೈಮಾಸಿಕಕ್ಕೆ ಸೇರುತ್ತದೆ, ಕೆಲಸ ಮಾರ್ಚ್‌ನಲ್ಲಿ ನಡೆದಿದ್ದರೂ ಸಹ.

ಫಿಜಿಯೋಥೆರಪಿ ಕ್ಲಿನಿಕ್ ನಡೆಸುವವರು, ಬ್ರಿಸ್ಬೇನ್

ಇದೇ ಸಂದರ್ಭದಲ್ಲಿ ನನ್ನ ಸಂದೇಹವನ್ನೂ ಕೇಳುತ್ತೇನೆ. ನಮ್ಮ ಸ್ವಾಗತಕಾರಿಣಿ ಟಿಎಫ್‌ಎನ್ ಕೊಡಲು ಎರಡು ತಿಂಗಳು ತಡ ಮಾಡಿದರು. 28 ದಿನ ಕಾದು, ಆಮೇಲೆ 47 ಪ್ರತಿಶತ ಮುರಿದುಕೊಂಡೆ. ಈಗ ಸಂಖ್ಯೆ ಕೊಟ್ಟಿದ್ದಾರೆ, ಹಳೆಯ ಹಣವನ್ನು ಹಿಂತಿರುಗಿಸಿ ಎನ್ನುತ್ತಿದ್ದಾರೆ. ಮೇಲಿನ ವಿದ್ಯಾರ್ಥಿಗೆ ಕೊಟ್ಟಂತೆ ಕೊಡಬೇಕೇ?

ನೋಂದಾಯಿತ ಬ್ಯಾಸ್ ಏಜೆಂಟ್, ಮೆಲ್ಬರ್ನ್

ಕೊಡಬಾರದು. ಎರಡೂ ಮೇಲ್ನೋಟಕ್ಕೆ ಒಂದೇ ರೀತಿ ಕಂಡರೂ ಮೂಲದಲ್ಲಿ ಬೇರೆ. ಪಾಯಿಂಟ್ ಕುಕ್‌ನಲ್ಲಿ ಆದದ್ದು ತಪ್ಪಿನಿಂದ ಮುರಿದ ಹಣ. ನಿಮ್ಮಲ್ಲಿ ಸಂಖ್ಯೆ ಇಲ್ಲದಿದ್ದಾಗ 47 ಪ್ರತಿಶತ ಮುರಿಯಬೇಕೆಂಬುದೇ ನಿಯಮವಾಗಿತ್ತು, ನೀವು ನಿಯಮದಂತೆಯೇ ಮಾಡಿದ್ದೀರಿ. ಇಂದಿನಿಂದ ಸರಿಯಾದ ದರದಲ್ಲಿ ಮುರಿಯಿರಿ. ಹಿಂದಿನದನ್ನು ಅವರು ತಮ್ಮ ರಿಟರ್ನ್‌ನಲ್ಲಿ ಪಡೆದುಕೊಳ್ಳುತ್ತಾರೆ. ಒಬ್ಬರೇ ಎರಡು ಕಡೆ ಕೆಲಸ ಮಾಡುತ್ತಾ ಎರಡೂ ಕಡೆ ತೆರಿಗೆಮುಕ್ತ ಮಿತಿ ಕೇಳಿದ್ದರಿಂದ ಕಡಿತ ಕಡಿಮೆಯಾದಾಗಲೂ ಹೀಗೆಯೇ: ಮಾಲೀಕರು ಘೋಷಣೆಯಂತೆ ನಡೆದುಕೊಂಡಿದ್ದರೆ ಅದು ಪೇರೋಲ್ ತಪ್ಪಲ್ಲ, ಹೊಸ ಘೋಷಣೆ ಕೊಡಬೇಕಾದವರು ನೌಕರರು.

ದಿನಸಿ ವ್ಯಾಪಾರಿ, ಸಿಡ್ನಿ

ನನ್ನ ಸಲಹೆ ತಪ್ಪಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ತಿದ್ದಿ ಹೇಳಿದ್ದಕ್ಕೆ ಧನ್ಯವಾದಗಳು. ಇದನ್ನೆಲ್ಲ ಓದಿ ನನ್ನ ಡಿಸೆಂಬರ್ ತ್ರೈಮಾಸಿಕವನ್ನು ತೆಗೆದು ನೋಡಿದರೆ, ಅಲ್ಲಿಯೂ ಒಬ್ಬರ ತೆರಿಗೆಯ 260 ಡಾಲರ್ ಡಬ್ಲ್ಯು2ನಲ್ಲಿ ಬಿಟ್ಟುಹೋಗಿದೆ. ಪೇರೋಲ್‌ನಲ್ಲಿ ಮತ್ತು ಸಿಂಗಲ್ ಟಚ್ ವರದಿಯಲ್ಲಿ ಸರಿಯಿದೆ. ಜಿಎಸ್‌ಟಿಯ ಸಣ್ಣ ತಪ್ಪನ್ನು ಮುಂದಿನ ಬ್ಯಾಸ್‌ನಲ್ಲಿ ಸೇರಿಸುವಂತೆ ಇದನ್ನೂ ಈಗ ಸೇರಿಸಬಹುದೇ? ಮತ್ತು ಸಲ್ಲಿಸುವುದನ್ನು ಮುಂದೂಡುವುದು ಏಕೆ ಬೇಡವೆಂದು ತಾವು ಇನ್ನೂ ಹೇಳಿಲ್ಲ.

ನೋಂದಾಯಿತ ಬ್ಯಾಸ್ ಏಜೆಂಟ್, ಮೆಲ್ಬರ್ನ್

ಜಿಎಸ್‌ಟಿಗೆ ಇರುವ ಆ ಸವಲತ್ತನ್ನು ಸಂಬಳದ ತೆರಿಗೆಗೆ ಎಳೆಯಬೇಡಿ. ಡಿಸೆಂಬರ್‌ನ ಬ್ಯಾಸ್ ಅನ್ನೇ ಪರಿಷ್ಕರಿಸಿ, ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ತಡವಾದ 260ಕ್ಕೆ ಸ್ವಲ್ಪ ಬಡ್ಡಿ ಬೀಳಬಹುದು.

ಮುಂದೂಡುವ ವಿಷಯದಲ್ಲಿ ನನಗೆ ನಿಜಕ್ಕೂ ಕಳವಳವಿದೆ. ಗಡುವು ಮೀರಿದರೆ ಚಿಕ್ಕ ವ್ಯವಹಾರಕ್ಕೆ ಪ್ರತಿ 28 ದಿನಕ್ಕೆ ಒಂದು ಪೆನಾಲ್ಟಿ ಯೂನಿಟ್, ಅಂದರೆ 2025ರ ಏಪ್ರಿಲ್‌ನ ಲೆಕ್ಕದಲ್ಲಿ 330 ಡಾಲರ್‌ನಂತೆ, ಐದು ಯೂನಿಟ್‌ಗಳವರೆಗೆ ದಂಡ ಬೀಳಬಹುದು. ಅದಕ್ಕಿಂತ ದೊಡ್ಡ ಅಪಾಯ ಕಂಪನಿಯ ನಿರ್ದೇಶಕರಿಗೆ. ಮುರಿದುಕೊಂಡ ತೆರಿಗೆಯನ್ನು ಕಂಪನಿ ಕಟ್ಟದಿದ್ದರೆ ನಿರ್ದೇಶಕರು ವೈಯಕ್ತಿಕವಾಗಿ ಹೊಣೆಯಾಗುತ್ತಾರೆ. ಗಡುವಿನಿಂದ ಮೂರು ತಿಂಗಳೊಳಗೆ ಮೊತ್ತವನ್ನು ಎಟಿಒಗೆ ವರದಿ ಮಾಡಿದ್ದರೆ, ಕಂಪನಿ ಮುಳುಗುವ ಸ್ಥಿತಿ ಬಂದಾಗ ಆಡಳಿತಾಧಿಕಾರಿಯ ನೇಮಕ ಅಥವಾ ಲಿಕ್ವಿಡೇಷನ್ ಮೂಲಕ ಆ ವೈಯಕ್ತಿಕ ಹೊಣೆಯಿಂದ ಬಿಡುಗಡೆ ಪಡೆಯಲು ದಾರಿ ಇರುತ್ತದೆ. ವರದಿಯನ್ನೇ ಮಾಡದೆ ಮೂರು ತಿಂಗಳು ದಾಟಿದರೆ ಆ ದಾರಿಯೂ ಮುಚ್ಚುತ್ತದೆ, ಕಟ್ಟುವುದೊಂದೇ ಉಳಿಯುತ್ತದೆ. ಮನೆಯ ಮೇಲೆ ಸಾಲ ಮಾಡಿ ಅಂಗಡಿ ತೆರೆದವರು ನಮ್ಮವರಲ್ಲಿ ಎಷ್ಟೊಂದು ಜನರಿದ್ದಾರೆ. ಕೈಯಲ್ಲಿ ಹಣವಿಲ್ಲದಿದ್ದರೂ ಗಡುವಿನೊಳಗೆ ಸಲ್ಲಿಸಿ, ಕಂತಿಗೆ ಕೇಳಿಕೊಳ್ಳಿ. ಒಂದು ಅಂಕಿ ಇನ್ನೂ ಅನುಮಾನವಾಗಿದ್ದರೆ ತಿಳಿದಷ್ಟನ್ನು ಪ್ರಾಮಾಣಿಕವಾಗಿ ತುಂಬಿ ಸಲ್ಲಿಸಿ, ಆಮೇಲೆ ಪರಿಷ್ಕರಿಸಿ.

ಜೊತೆಗೆ, 2019ರ ಜುಲೈ 1ರಿಂದ, ಮುರಿಯಬೇಕಾದ ತೆರಿಗೆಯನ್ನು ಮುರಿಯದೇ ಇದ್ದರೆ ಅಥವಾ ಎಟಿಒಗೆ ತಿಳಿಸದೇ ಇದ್ದರೆ ಆ ಸಂಬಳವನ್ನು ವ್ಯವಹಾರದ ಖರ್ಚೆಂದು ಕಳೆಯಲು ಬರುವುದಿಲ್ಲ. ಮುರಿದ ಮೊತ್ತದಲ್ಲಿ ತಪ್ಪಾದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲವಾದ್ದರಿಂದ ಪಾಯಿಂಟ್ ಕುಕ್‌ನ ಮೇಡಂ ಇದಕ್ಕೆ ಹೆದರಬೇಕಾಗಿಲ್ಲ.

ಕ್ಲೀನಿಂಗ್ ಗುತ್ತಿಗೆದಾರರು, ಅಡಿಲೇಡ್

ಹಾಗಾದರೆ ಎಬಿಎನ್ (ವ್ಯವಹಾರದ ನೋಂದಣಿ ಸಂಖ್ಯೆ) ಕೊಡದ ಉಪಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟಿರುವ ನನಗೆ ಹೆದರಿಕೆಯಿದೆ.

ನೋಂದಾಯಿತ ಬ್ಯಾಸ್ ಏಜೆಂಟ್, ಮೆಲ್ಬರ್ನ್

ಇದೆ ಸರ್. ಜಿಎಸ್‌ಟಿ ಬಿಟ್ಟು 75 ಡಾಲರ್ ದಾಟಿದ ಬಿಲ್ಲಿಗೆ ಎಬಿಎನ್ ಇಲ್ಲದಿದ್ದರೆ, ವಿನಾಯಿತಿಯ ಕಾರಣವೊಂದು ಇಲ್ಲದ ಹೊರತು, 47 ಪ್ರತಿಶತ ಮುರಿದು ಬ್ಯಾಸ್‌ನ ಡಬ್ಲ್ಯು4 ಅಂಕಣದಲ್ಲಿ ತೋರಿಸಬೇಕಿತ್ತು. ಎಟಿಒ ವಿಚಾರಿಸುವ ಮೊದಲೇ ನೀವಾಗಿ ತಿಳಿಸಿದರೆ ಖರ್ಚಿನ ಹಕ್ಕು ಉಳಿಯುತ್ತದೆ. ಇದನ್ನು ಇಲ್ಲಿ ಮುಗಿಸಲಾಗದು, ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡ್‌ನ ಪಟ್ಟಿಯಲ್ಲಿರುವ ಏಜೆಂಟ್ ಒಬ್ಬರಿಗೆ ಬಿಲ್ಲುಗಳನ್ನು ತೋರಿಸಿ.

ಟಿಫಿನ್ ಅಂಗಡಿಯ ಮಾಲೀಕರು, ಪಾಯಿಂಟ್ ಕುಕ್ (17 ಏಪ್ರಿಲ್ 2025)

ಬ್ಯಾಸ್ ಅನ್ನು ಇಂದು ಸಲ್ಲಿಸಿದೆ. ಡಬ್ಲ್ಯು2 5,694. ತಾವು ಹೇಳಿದಂತೆಯೇ ಆ 1,320 ಸಂಬಳದ ಖರ್ಚಿನಲ್ಲಿ ಹೋಗಿ ಕೂತಿತ್ತು, ಬಾಕಿ ಲೆಕ್ಕಕ್ಕೆ ತಂದ ಮೇಲೆ ಎರಡೂ ಸೆಂಟ್‌ಗೆ ಸೆಂಟ್ ತಾಳೆಯಾದವು. ತೆರಿಗೆ ಸಂಕೇತವೂ ಇನ್ನೂ "ಎಫ್‌ಎಫ್" ಎಂದೇ ಇತ್ತು. ಮಾರ್ಚ್ 26ರಂದೂ ಏಪ್ರಿಲ್‌ನ ಬಟವಾಡೆಗಳಲ್ಲೂ ನಾನು 48ನ್ನು ಕೈಯಿಂದ ತುಂಬಿದ್ದೆನೇ ಹೊರತು ಮೂಲವನ್ನು ತಿದ್ದಿರಲಿಲ್ಲ. ಈಗ ತಿದ್ದಿದ್ದೇನೆ.

ಅಡುಗೆಯವರೊಡನೆ ಅಂಗಡಿ ಮುಚ್ಚಿದ ಮೇಲೆ ಕೂತು ಮಾತನಾಡಿದೆ. ಜುಲೈನಲ್ಲಿ ಒಮ್ಮೆಗೇ ಕಟ್ಟುವುದಕ್ಕಿಂತ ವಾರವಾರವೂ ಹೋಗಲಿ ಎಂದರು. ಏಪ್ರಿಲ್ 23ರಿಂದ ಜೂನ್ 25ರವರೆಗೆ ಹತ್ತು ಬಟವಾಡೆಗಳಲ್ಲಿ ತಲಾ 39 ಡಾಲರ್ ಹೆಚ್ಚುವರಿಯಾಗಿ ಮುರಿಯಲು ಒಪ್ಪಿ ಸಹಿ ಹಾಕಿದ್ದಾರೆ. ಈ ಕಾಗದಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ನೋಂದಾಯಿತ ಬ್ಯಾಸ್ ಏಜೆಂಟ್, ಮೆಲ್ಬರ್ನ್

ತೆರಿಗೆಯ ನಿಯಮಕ್ಕೆ ಐದು ವರ್ಷ ಸಾಕು, ಆದರೆ ಸಂಬಳದ ದಾಖಲೆಗಳಿಗೆ ಫೇರ್ ವರ್ಕ್ ನಿಯಮ ಏಳು ವರ್ಷ ಕೇಳುತ್ತದೆ, ಆದ್ದರಿಂದ ಏಳು ವರ್ಷ ಇಡಿ ಮೇಡಂ. ವಿದ್ಯಾರ್ಥಿಗೆ ಹಣ ಕಳುಹಿಸಿದ ಬ್ಯಾಂಕಿನ ರಸೀದಿಯನ್ನೂ ಅದೇ ಕಡತದಲ್ಲಿ ಸೇರಿಸಿ. ಜೂನ್ 25ರ ಹತ್ತನೆಯ ಕಡಿತವಾದ ಕೂಡಲೇ ಆ 39ನ್ನು ಪೇರೋಲ್‌ನಿಂದ ತೆಗೆದುಬಿಡಿ, ಆಮೇಲೆ ಜುಲೈ 14ರೊಳಗೆ ವರ್ಷದ ಸಿಂಗಲ್ ಟಚ್ ಅಂತಿಮ ಘೋಷಣೆಯನ್ನು ಕಳುಹಿಸಿ.